ಓದುಗರ ಪ್ರಶ್ನೆ: ಗುಜರಿಗೆ ಹೋದ ಮಸಲ್ ಕಾರು ನಿಜವಾಗಿ ಹೋಯಿತೇ?

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. 1960ರ ದಶಕದ ಕೊನೆಯಿಂದ 70ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ತಯಾರಾದ ಅಪರೂಪದ ಮಸಲ್ ಕಾರುಗಳಲ್ಲಿ (ದೊಡ್ಡ ಎಂಜಿನ್ನಿನ ವೇಗದ ಕಾರುಗಳಲ್ಲಿ) ಜಜ್ಜಿಹೋದವು, ಗುಜರಿಗೆ ಬಿದ್ದವು ಕೊನೆಗೆ ಏನಾದವು, ಅದನ್ನು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: 1967ರ 'ಲಿಟ್ಲ್ ರೆಡ್' ಎಂಬ ಪ್ರಾಯೋಗಿಕ ಶೆಲ್ಬಿ ಕಾರನ್ನು ಪುಡಿ ಮಾಡಿಬಿಟ್ಟಿದ್ದಾರೆ ಎಂದೇ ಎಲ್ಲರೂ ನಂಬಿದ್ದರು. 2018ರಲ್ಲಿ ಅದು ಸಿಕ್ಕಿತು. ದಶಕಗಳ ಕಾಲ ಸಿಗದ ಕಾರು ಆಗ ಹೇಗೆ ಸಿಕ್ಕಿತು?

ಹಿಂದೆ ಹುಡುಕಿದವರು ಹಿಡಿದಿದ್ದ ನಂಬರೇ ಬೇರೆ. ಆ ಕಾಲದ ಶೆಲ್ಬಿ ಕಾರಿಗೆ ಎರಡು ನಂಬರ್ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಫೋರ್ಡ್ ಕಾರ್ಖಾನೆಯಲ್ಲಿ ಮಸ್ಟಾಂಗ್ ಆಗಿ ತಯಾರಾಗುವಾಗ ಬೀಳುತ್ತಿದ್ದ ವಿಐಎನ್ (ವಾಹನ ಗುರುತಿನ ಸಂಖ್ಯೆ) ಒಂದು. ಶೆಲ್ಬಿ ಕಂಪನಿಯ ಕೈಗೆ ಬಂದ ಮೇಲೆ ಅವರು ಕೊಡುತ್ತಿದ್ದ ಸರಣಿ ಸಂಖ್ಯೆ ಇನ್ನೊಂದು. ಶೆಲ್ಬಿ ನಂಬರಿನ ತಗಡನ್ನು ಚಾಲಕನ ಬದಿಯ ಒಳ ಫೆಂಡರಿನ (ಚಕ್ರದ ಮೇಲಿನ ತಗಡಿನ) ಮೇಲೆ, ಫೋರ್ಡ್ ನಂಬರ್ ಮುಚ್ಚಿಹೋಗುವಂತೆ ರಿವೆಟ್ ಹೊಡೆದು ಕೂರಿಸುತ್ತಿದ್ದರು. ಹಾಗಾಗಿ ಒಡೆತನದ ಪತ್ರದಲ್ಲಿ ಎರಡರಲ್ಲಿ ಯಾವ ನಂಬರ್ ಬೇಕಾದರೂ ಇರಬಹುದು. ಮೊದಲಿನವರು ಶೆಲ್ಬಿ ಸಂಖ್ಯೆಯಿಂದ ಹುಡುಕಿ ಏನೂ ಸಿಗದೆ ಕೈಬಿಟ್ಟರು. 2018ರ ತಂಡ ಫೋರ್ಡ್ ವಿಐಎನ್ ಪತ್ತೆಹಚ್ಚಿ ಅದರಿಂದ ಹುಡುಕಿತು. ಕೊನೆಯ ನೋಂದಣಿಯ ಜಾಡು ಟೆಕ್ಸಸ್‌ಗೆ ಕರೆದೊಯ್ದಿತು. ಕಾರು ಆ ರಾಜ್ಯದ ಉತ್ತರ ಭಾಗದಲ್ಲಿ ಬಯಲಲ್ಲೇ ನಿಂತಿತ್ತು.

'ಪುಡಿ ಮಾಡಿದರಂತೆ' ಎಂಬ ಮಾತು ಎಷ್ಟು ಹಳೆಯದಾದರೂ ಅದು ಬರೀ ಮಾತೇ. ಬುಲಿಟ್ ಚಿತ್ರಕ್ಕೆ ಬಳಸಿದ 1968ರ ಎರಡು ಮಸ್ಟಾಂಗ್‌ಗಳಲ್ಲಿ ಹಾರಾಟದ ದೃಶ್ಯಗಳಲ್ಲಿ ನುಜ್ಜಾದದ್ದು ಗುಜರಿ ಪಾಲಾಯಿತೆಂದೇ ಹೇಳುತ್ತಿದ್ದರು. 2017ರಲ್ಲಿ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಅದು ಸಿಕ್ಕ ಸುದ್ದಿ ಹೊರಬಿತ್ತು. ಅದನ್ನು ಗುರುತಿಸಿದ್ದೂ ನಂಬರಿನಿಂದಲೇ: 8ಆರ್02ಎಸ್125558. ಜೋಡಿ ಕಾರಿನದು ಅದರ ಮುಂದಿನದೇ, 559.

ಪ್ರಶ್ನೆ: ಆ ನಂಬರನ್ನು ಓದುವುದು ಹೇಗೆ? 17 ಅಕ್ಷರಗಳ ವಿಐಎನ್ ಬಿಡಿಸುವ ಸಾಧನಗಳಿಗೆ ಹಳೆಯ ಕಾರಿನ ನಂಬರ್ ಕೊಟ್ಟರೆ 'ತಪ್ಪು' ಎನ್ನುತ್ತವೆ.

17 ಅಕ್ಷರಗಳ ಕ್ರಮ ಬಂದದ್ದೇ 1981ರ ಮಾದರಿಗಳಿಂದ. ಅದಕ್ಕೂ ಹಿಂದೆ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ.

ಮೇಲಿನ ಫೋರ್ಡ್ ನಂಬರನ್ನೇ ತೆಗೆದುಕೊಳ್ಳಿ. 8 ಅಂದರೆ 1968, ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ, 02 ಅಂದರೆ ಇಳಿಜಾರು ಬೆನ್ನಿನ ಫಾಸ್ಟ್‌ಬ್ಯಾಕ್ ಬಾಡಿ, ಎಸ್ ಅಂದರೆ 390 ಜಿಟಿ ಎಂಜಿನ್ (390 ಎಂಬುದು ಘನ ಅಂಗುಲದಲ್ಲಿ ಎಂಜಿನ್ನಿನ ಗಾತ್ರ). ಉಳಿದದ್ದು ಕ್ರಮಸಂಖ್ಯೆ. ಕ್ರೈಸ್ಲರ್ (ಡಾಡ್ಜ್, ಪ್ಲಿಮತ್) ಕಾರುಗಳಲ್ಲೂ ಎಂಜಿನ್ನಿನ ಅಕ್ಷರ ನಂಬರಿನಲ್ಲೇ ಇದೆ. ಬಿಎಸ್27ಆರ್1ಬಿ ಎಂದು ಶುರುವಾದರೆ ಅದು ಬ್ಯಾರಾಕುಡಾ, 27 ಕನ್ವರ್ಟಿಬಲ್, ಆರ್ ಅಂದರೆ 426 ಹೆಮಿ ಎಂಬ ಎಂಜಿನ್, 1 ಅಂದರೆ 1971, ಕೊನೆಯ ಬಿ ಅಂದರೆ ಮಿಷಿಗನ್‌ನ ಹ್ಯಾಮ್‌ಟ್ರಾಮಿಕ್ ಕಾರ್ಖಾನೆ. ಇಂಥವು ತಯಾರಾದದ್ದು 11 ಮಾತ್ರ. ಅದೇ ಜಾಗದಲ್ಲಿ ಆರ್ ಬದಲು ವಿ ಇದ್ದರೆ ಮೂರು ಕಾರ್ಬ್ಯುರೇಟರ್‌ಗಳ 440.

ತೊಂದರೆ ಕೊಡುವುದು ಜನರಲ್ ಮೋಟಾರ್ಸ್. 1970ರ ಷೆವೆಲ್ ಮಾಲಿಬು ಕೂಪೆಯ ನಂಬರ್ 136370ಬಿ ಎಂದು ಶುರುವಾಗುತ್ತದೆ: 1 ಷೆವರ್ಲೆ, 36 ವಿ8 ಎಂಜಿನ್ನಿನ ಮಾಲಿಬು, 37 ಎರಡು ಬಾಗಿಲಿನ ಕೂಪೆ, 0 ಅಂದರೆ 1970, ಬಿ ಬಾಲ್ಟಿಮೋರ್. ಅದರೊಳಗೆ 307 ಇತ್ತೋ, 450 ಅಶ್ವಶಕ್ತಿಯ ಎಲ್ಎಸ್6 454 ಇತ್ತೋ ಈ ನಂಬರ್ ಬಾಯಿ ಬಿಡುವುದಿಲ್ಲ. ಎಂಜಿನ್ನಿನ ಅಕ್ಷರ ಸೇರಿದ್ದು 1972ರಿಂದ. ಆದ್ದರಿಂದ ಗುಜರಿ ಯಾರ್ಡಿನಲ್ಲಿ ಬಿದ್ದ ಷೆವೆಲ್‌ನ ಖಾಲಿ ಬಾಡಿಯನ್ನು ವಿಐಎನ್ ತೋರಿಸಿ 'ಎಲ್ಎಸ್6' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಬಿಲ್ಡ್ ಶೀಟ್ (ಕಾರಿಗೆ ಏನೇನು ಹಾಕಬೇಕೆಂದು ಕಾರ್ಖಾನೆಯಲ್ಲಿ ಬರೆದ ಹಾಳೆ) ಬೇಕು, ಇಲ್ಲವೇ ವಾರಂಟಿ ಪುಸ್ತಕದಲ್ಲಿ ಬರುತ್ತಿದ್ದ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಚಿಕ್ಕ ಲೋಹದ ಪಟ್ಟಿ ಬೇಕು. ಬಿಲ್ಡ್ ಶೀಟ್ ಹೆಚ್ಚಾಗಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಅಥವಾ ಸೀಟಿನ ಸ್ಪ್ರಿಂಗ್‌ಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹಾಳೆ ಇಲಿ ಕಡಿದು ಚೂರಾಗಿದ್ದರೂ ಎಸೆಯಬೇಡಿ. ಎಳೆಯದೆ, ಸ್ಪ್ರಿಂಗನ್ನು ಕತ್ತರಿಸಿಯಾದರೂ ಬಿಡಿಸಿಕೊಳ್ಳಿ.

ಪ್ರಶ್ನೆ: ಡ್ಯಾಶ್‌ಬೋರ್ಡ್ ಮೇಲಿನ ನಂಬರ್ ತಗಡೇ ಇಲ್ಲ. ಬಾಡಿ ಮಾತ್ರ ಇದೆ. ಮುಂದೇನು?

ತಗಡು ಹೋಗಿದ್ದರೂ ಬಾಡಿಯ ಉಕ್ಕಿನ ಮೇಲೆಯೇ ಒತ್ತಿದ ಗುರುತು ಉಳಿದಿರುತ್ತದೆ. ಮಸ್ಟಾಂಗ್‌ಗಳಲ್ಲಿ ಅದು ಮುಂದಿನ ಒಳ ಫೆಂಡರುಗಳ ಅಂಚಿನಲ್ಲಿ. ಹೊರ ಫೆಂಡರ್ ಬಿಚ್ಚಿದರೆ ಪೂರ್ತಿ ಕಾಣುತ್ತದೆ. 1968ರಿಂದ 70ರ ಚಾರ್ಜರ್, ರೋಡ್ ರನ್ನರ್‌ಗಳಲ್ಲಿ ರೇಡಿಯೇಟರ್ ಹಿಡಿದ ಅಡ್ಡ ಚೌಕಟ್ಟಿನ ಮೇಲೆ ಚಾಲಕನ ಬದಿಗೆ ಒಂದು, ಡಿಕ್ಕಿಯ ರಬ್ಬರ್ ಕೂರುವ ಅಂಚಿನಲ್ಲಿ ಬಲಗಡೆ ಇನ್ನೊಂದು. ಅಲ್ಲಿ ಇರುವುದು ವರ್ಷ, ಕಾರ್ಖಾನೆ, ಕ್ರಮಸಂಖ್ಯೆ ಮಾತ್ರ. ಮುಂದಿನಿಂದ ಗುದ್ದಿದ ಕಾರಿನಲ್ಲಿ ಮೊದಲನೆಯದು ಹೋಗಿರುತ್ತದೆ, ಹಾಗಾಗಿ ಡಿಕ್ಕಿಯ ಅಂಚನ್ನು ಮೊದಲು ನೋಡಿ. 1968 ಮತ್ತು 69ರ ಕಮಾರೊದಲ್ಲಿ ಒಂದು ಗುರುತು ಹೀಟರ್ ಪೆಟ್ಟಿಗೆಯ ಹಿಂದೆ ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡು) ಮೇಲೆ, ಇನ್ನೊಂದು ಗಾಜಿನ ಬುಡದ ಕೌಲ್ ತಗಡಿನ ಅಡಿಯಲ್ಲಿ.

ತುಕ್ಕು ಹಿಡಿದ ಕಡೆ ಗ್ರೈಂಡರ್ ಹಿಡಿಯಲೇಬಾರದು. ಒತ್ತಿದ ಅಕ್ಷರದ ಆಳ ತೀರಾ ಕಡಿಮೆ. ಎರಡು ಸಲ ಚಕ್ರ ತಾಗಿದರೆ ಸಾಕು, ಸಾಕ್ಷಿಯೇ ಹೋಯಿತು. ಪೇಂಟ್ ರಿಮೂವರ್ ಹಚ್ಚಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ 3 ಮತ್ತು 8ರ ವ್ಯತ್ಯಾಸ ಓರೆ ಬೆಳಕಿನ ನೆರಳಿನಲ್ಲಿ ಕಾಣುತ್ತದೆ.

ಪ್ರಶ್ನೆ: ಗುಜರಿ ಯಾರ್ಡಿನ ಹಳೆಯ ಫೋಟೊ ಒಂದಿದೆ. ಅದರಲ್ಲಿರುವುದು ಪ್ಲಿಮತ್ ಸೂಪರ್‌ಬರ್ಡ್ ಇರಬಹುದೇ? ಅದರ ಚೂಪು ಮೂತಿಯೂ ಇಲ್ಲ, ಹಿಂದಿನ ಎತ್ತರದ ರೆಕ್ಕೆಯೂ ಇಲ್ಲ.

ಇರಬಹುದು. 1970ರಲ್ಲಿ ಸೂಪರ್‌ಬರ್ಡ್‌ಗಳು ಸುಲಭಕ್ಕೆ ಮಾರಾಟವಾಗದೆ ಕೆಲವು ಡೀಲರುಗಳೇ ಮೂತಿ, ರೆಕ್ಕೆ ಕಿತ್ತು ಪ್ಲಿಮತ್‌ನ ಮಾಮೂಲಿ ರೋಡ್ ರನ್ನರ್‌ನಂತೆ ಮಾಡಿ ಮಾರಿದ್ದುಂಟು. ಹಾಗಾಗಿ ಕಿತ್ತುಹಾಕಲು ಕಷ್ಟವಾದ ಭಾಗಗಳನ್ನು ನೋಡಬೇಕು. ಹಿಂದಿನ ಗಾಜಿನ ಸುತ್ತ ಬೇರೆ ತಗಡು ಸೇರಿಸಿ ಇಳಿಜಾರು ಬದಲಿಸಿರುತ್ತಾರೆ. ಆ ಬೆಸುಗೆ ಮುಚ್ಚಲೆಂದೇ ಸೂಪರ್‌ಬರ್ಡ್‌ಗಳಿಗೆಲ್ಲ ಕಪ್ಪು ವಿನೈಲ್ ಛಾವಣಿ. ಮುಂದಿನ ಫೆಂಡರುಗಳು ಪ್ಲಿಮತ್‌ದಲ್ಲ, ಡಾಡ್ಜ್ ಕೊರೊನೆಟ್‌ನವು. ಡಿಕ್ಕಿ ತೆರೆದ ಫೋಟೊ ಇದ್ದರೆ ಒಳಗೆ ರೆಕ್ಕೆಯ ಭಾರ ಹೊರುವ ಕಬ್ಬಿಣದ ಊರುಗೋಲುಗಳು ಕಾಣಬೇಕು. ರೆಕ್ಕೆ ಕಿತ್ತವರು ಇವನ್ನು ಬಿಚ್ಚುವ ಗೋಜಿಗೆ ಹೋಗಿರುವುದು ಕಡಿಮೆ. ಇಷ್ಟರಲ್ಲಿ ಎರಡು ಹೊಂದಿದರೂ ವಿಐಎನ್ ಹುಡುಕುವ ಶ್ರಮ ಸಾರ್ಥಕ. ಅದು ಆರ್‌ಎಂ23 ಎಂದು ಶುರುವಾಗಬೇಕು.

ಫೋಟೊದ ಕಾಲ ಹಿಡಿಯಲು ಕ್ಯಾಲಿಫೋರ್ನಿಯಾದ ನಂಬರ್ ಪ್ಲೇಟ್ ನೆರವಾಗುತ್ತದೆ. ಕಪ್ಪು ಹಿನ್ನೆಲೆಯ ಹಳದಿ ಅಕ್ಷರ 1963ರಿಂದ 69ರವರೆಗೆ ಕೊಟ್ಟದ್ದು. ನಂತರ ನೀಲಿ ಹಿನ್ನೆಲೆ. ಪ್ಲೇಟ್ ಕಾರಿನ ಜತೆಗೇ ಉಳಿಯುತ್ತಿದ್ದುದರಿಂದ ಕಪ್ಪು ಪ್ಲೇಟ್ ಇದೆ ಎಂದಮಾತ್ರಕ್ಕೆ ಫೋಟೊ ಅದೇ ಕಾಲದ್ದೆನ್ನಲಾಗದು. ಹಳೆಯ ಪ್ರಿಂಟುಗಳ ಬಿಳಿ ಅಂಚಿನಲ್ಲಿ ಅಚ್ಚಾದ ತಿಂಗಳು, ವರ್ಷ ಕೂಡ ಫಿಲ್ಮ್ ತೊಳೆದ ದಿನದ್ದೇ ಹೊರತು ತೆಗೆದ ದಿನದ್ದಲ್ಲ. ಚಾರ್ಜರ್ ಆದರೆ ಹಿಂದಿನ ದೀಪ ನೋಡಿ: 1968ಕ್ಕೆ ನಾಲ್ಕು ದುಂಡು ದೀಪ, 69ಕ್ಕೆ ಎರಡು ಉದ್ದ ದೀಪ. 'ಕುಡಾಗೆ (ಬ್ಯಾರಾಕುಡಾಗೆ) ಮುಂಭಾಗದಲ್ಲಿ ನಾಲ್ಕು ಹೆಡ್‌ಲೈಟ್, ಫೆಂಡರಿನಲ್ಲಿ ಕಿವಿರಿನಂಥ ಸೀಳು ಇದ್ದರೆ 1971. ಎರಡೇ ಹೆಡ್‌ಲೈಟ್ ಇದ್ದು ಸೀಳು ಇಲ್ಲದಿದ್ದರೆ 1970.

ಪ್ರಶ್ನೆ: ನಂಬರ್ ಸಿಕ್ಕಿತು. ಕಾಗದಪತ್ರ ಎಲ್ಲಿ ಕೇಳಬೇಕು? ಕೊನೆಯ ಮಾಲೀಕರ ಹೆಸರು ಸಿಗುತ್ತದೆಯೇ?

ಕಾರು ಹುಟ್ಟಿದ ದಾಖಲೆ ಸುಲಭ, ಸತ್ತ ದಾಖಲೆ ಕಷ್ಟ. 1967 ಮತ್ತು ನಂತರದ ಫೋರ್ಡ್‌ಗಳಿಗೆ ಮಾರ್ಟಿ ವರದಿ ಇದೆ. ತಯಾರಾದ ದಿನ, ಡೀಲರ್, ಬಣ್ಣ, ಹಾಕಿಸಿದ ಸಾಮಾನು ಎಲ್ಲ ಅದರಲ್ಲಿ ಬರುತ್ತದೆ. ಪಾಂಟಿಯಾಕ್‌ಗೆ ಪಿಎಚ್ಎಸ್ ಸಂಸ್ಥೆಯಲ್ಲಿ 1961ರಿಂದ ಮೊದಲ್ಗೊಂಡು ಕಾರ್ಖಾನೆಯ ಬಿಲ್‌ಗಳ ಪ್ರತಿ ಸಿಗುತ್ತದೆ. ಅಮೆರಿಕದಲ್ಲಿ ಮಾರಾಟವಾದ 1968ರ ನಂತರದ ಕ್ರೈಸ್ಲರ್ ಮಸಲ್ ಕಾರುಗಳಿಗೆ ಇಂಥ ಕಾರ್ಖಾನೆ ದಾಖಲೆ ಇಲ್ಲ. ಅಲ್ಲಿ ಆಧಾರ ಬ್ರಾಡ್‌ಕಾಸ್ಟ್ ಶೀಟ್ (ಕ್ರೈಸ್ಲರ್‌ನ ಬಿಲ್ಡ್ ಶೀಟ್) ಮತ್ತು ಬಾನೆಟ್ ಅಡಿಯ ಫೆಂಡರ್ ಟ್ಯಾಗ್ ಮಾತ್ರ. ಟ್ಯಾಗನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಇ74 ಕಂಡರೆ ಹೆಮಿ.

ಕಾರು ನಾಶವಾದದ್ದಕ್ಕೆ ರಾಜ್ಯದ ಮೋಟಾರು ವಾಹನ ಇಲಾಖೆಯ ಟೈಟಲ್ (ಒಡೆತನದ) ದಾಖಲೆ ನೋಡಬೇಕು. ನ್ಯೂಯಾರ್ಕ್‌ನಲ್ಲಿ ಟೈಟಲ್ ಪತ್ರ ಕೊಡುವುದೇ 1973 ಮತ್ತು ನಂತರದ ಮಾದರಿಗಳಿಗೆ. ಹಾಗಾಗಿ ಅಲ್ಲಿ 1970ರ ಕಾರಿನ ಟೈಟಲ್ ಸಿಗಲಿಲ್ಲವೆಂದರೆ ಅದು ಗುಜರಿಗೆ ಹೋಯಿತೆಂದು ಅರ್ಥವಲ್ಲ. ಗುಜರಿ ಯಾರ್ಡುಗಳು ವರದಿ ಕೊಡಬೇಕಾದ ರಾಷ್ಟ್ರೀಯ ವ್ಯವಸ್ಥೆ ಎನ್ಎಮ್‌ವಿಟಿಐಎಸ್. ಅವುಗಳಿಗೆ ಅದು ಕಡ್ಡಾಯವಾದದ್ದು 2009ರಲ್ಲಿ. 1978ರಲ್ಲಿ ಪುಡಿಯಾದ ಕಾರು ಅದರಲ್ಲಿ ಇರುವುದಿಲ್ಲ. ಅಲ್ಲಿ 'ದಾಖಲೆ ಇಲ್ಲ' ಎಂದು ಬಂದರೆ ಅದಕ್ಕೆ ಬೆಲೆ ಕೊಡಬೇಡಿ.

ಮಾಲೀಕರ ಹೆಸರು, ವಿಳಾಸ ಸಾರ್ವಜನಿಕರಿಗೆ ಸಿಗುವುದಿಲ್ಲ. 1994ರಲ್ಲಿ ಬಂದ ಚಾಲಕರ ಖಾಸಗಿತನ ರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ಕಾರಿನ ಸ್ಥಿತಿ ಏನು, ಕೊನೆಗೆ ಯಾವ ವರ್ಷ ನೋಂದಣಿಯಾಯಿತು ಎಂದಷ್ಟೇ ಕೇಳಿ ಪತ್ರ ಬರೆಯಿರಿ. ರಾಜ್ಯದಿಂದ ರಾಜ್ಯಕ್ಕೆ ಉತ್ತರ ಬೇರೆ ಬೇರೆ. ಅದರ ಜತೆಗೆ ಆಯಾ ಮಾದರಿಯ ಕ್ಲಬ್‌ಗಳು ಇಟ್ಟ ರಿಜಿಸ್ಟ್ರಿ ನೋಡಿ. ಶೆಲ್ಬಿ ಕ್ಲಬ್ಬಿನದರಲ್ಲಿ ಪ್ರತಿ ಕಾರಿಗೂ ಸಾಲು ಇದೆ, ಜಜ್ಜಿಹೋದವಕ್ಕೂ ಇದೆ.

ಪ್ರಶ್ನೆ: ಹೆಮಿ ಎಂಜಿನ್ ಒಂದು ಸಿಕ್ಕಿದೆ, ಮೇಲೆ ಕಾರಿನ ನಂಬರೂ ಇದೆ. ಹಾಗಾದರೆ ಕಾರು ಉಳಿದಿದೆ ಅಂತಲೇ ಅಲ್ಲವೇ?

ಅಲ್ಲ. ಎಷ್ಟೋ ಸಲ ಅದು ಉಲ್ಟಾ. 70ರ ದಶಕದಲ್ಲಿ ವಿಮೆಯ ಕಂತು ಏರಿ, 1973ರ ಅಕ್ಟೋಬರಿನ ತೈಲ ನಿರ್ಬಂಧದಿಂದ ಪೆಟ್ರೋಲ್ ದುಬಾರಿಯಾದಾಗ ಈ ಕಾರುಗಳಿಗೆ ಬೆಲೆಯೇ ಇರಲಿಲ್ಲ. ಡ್ರ್ಯಾಗ್ ರೇಸಿನವರು ಎಂಜಿನ್, ಗೇರ್ ಬಾಕ್ಸ್, ಡಾನಾ ಆಕ್ಸಲ್ ಕಿತ್ತುಕೊಂಡು ಬಾಡಿಯನ್ನು ತೂಕಕ್ಕೆ ಹಾಕುತ್ತಿದ್ದರು. ಎಂಜಿನ್ ಉಳಿದದ್ದೇ ಬಾಡಿ ಹೋದದ್ದಕ್ಕೆ ಸುಳಿವಾಗಬಹುದು.

ಇದರ ಬೆನ್ನಿಗೇ ಬರುವ ಅಪಾಯ ಇನ್ನೊಂದು. ಬರೀ ವಿಐಎನ್ ತಗಡು ಮತ್ತು ಟೈಟಲ್ ಮಾರಾಟಕ್ಕೆ ಬರುತ್ತವೆ. ಅವನ್ನು ಸಾಮಾನ್ಯ ಬಾಡಿಗೆ ಕೂರಿಸಿ ಅಪರೂಪದ ಕಾರು ಎನ್ನುವವರಿದ್ದಾರೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಕ್ರಮವಾಗಿ ವಿಐಎನ್ ಕೀಳುವುದು, ಬದಲಿಸುವುದು 5 ವರ್ಷದವರೆಗೆ ಜೈಲಿನ ಅಪರಾಧ. ಕೊಳ್ಳುವ ಮುನ್ನ ರಿವೆಟ್ ನೋಡಿ: ಕಾರ್ಖಾನೆಯ ರೋಸೆಟ್ ರಿವೆಟ್‌ನ ತಲೆ ಹೂವಿನೆಸಳಿನಂತಿರುತ್ತದೆ, ಅಂಗಡಿಯ ಮಾಮೂಲಿ ರಿವೆಟ್ ದುಂಡಗಿರುತ್ತದೆ. ಹೊಸದಾಗಿ ಮಾಡಿದ ರೋಸೆಟ್‌ಗಳೂ ಸಿಗುವುದರಿಂದ ಅಷ್ಟಕ್ಕೇ ನಿಲ್ಲದೆ, ಡ್ಯಾಶ್‌ಬೋರ್ಡಿನ ನಂಬರನ್ನು ಬಾಡಿಯ ಗುಪ್ತ ಗುರುತಿನೊಂದಿಗೆ ತಾಳೆ ನೋಡಿ. ಮಾರುವವರು ಡಿಕ್ಕಿಯ ಅಂಚಿನ ರಬ್ಬರ್ ಎತ್ತಲು ಬಿಡದಿದ್ದರೆ ವ್ಯವಹಾರ ಅಲ್ಲಿಗೇ ಬಿಡಿ.

ಪ್ರಶ್ನೆ: ಹಳೆಯ ಕಾರು ಗುಜರಿಗೆ ಒಪ್ಪಿಸಿದರೆ ಹೊಸದಕ್ಕೆ ಸರ್ಕಾರ ಹಣ ಕೊಟ್ಟ 2009ರ 'ಕ್ಯಾಶ್ ಫಾರ್ ಕ್ಲಂಕರ್ಸ್' ಯೋಜನೆ ಎಷ್ಟು ಮಸಲ್ ಕಾರುಗಳನ್ನು ನುಂಗಿತು?

60, 70ರ ದಶಕದವನ್ನು ನುಂಗಲು ಆಗುತ್ತಲೇ ಇರಲಿಲ್ಲ. 25 ವರ್ಷದೊಳಗಿನ ಕಾರುಗಳಿಗೆ ಮಾತ್ರ ಅದು ಅನ್ವಯಿಸಿತು. ಹಳೆಯ ಕಾರುಗಳಿಗೆ ಹೊಡೆತ ಬಿದ್ದದ್ದು 1990ರಲ್ಲಿ. ಯುನೊಕಾಲ್ ತೈಲ ಕಂಪನಿ ಲಾಸ್ ಏಂಜಲೀಸ್ ಸೀಮೆಯಲ್ಲಿ 1971ಕ್ಕಿಂತ ಹಿಂದಿನ ಕಾರುಗಳನ್ನು ತಲಾ 700 ಡಾಲರಿಗೆ ಕೊಂಡು 8 ಸಾವಿರಕ್ಕೂ ಹೆಚ್ಚನ್ನು ಪುಡಿ ಮಾಡಿಸಿತು. ನೀವು ಹುಡುಕುತ್ತಿರುವ ಕಾರಿನ ಕೊನೆಯ ನೋಂದಣಿ ಆ ಸೀಮೆಯಲ್ಲಿ, ಆ ವರ್ಷಕ್ಕೇ ನಿಂತಿದ್ದರೆ ಈ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.