ಅಮ್ಮ ದಿನವಿಡೀ ಶಾಲೆಯಲ್ಲೇ ಕೂರಬೇಕಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇದೆ. ಗೋಡೆ ಹಿಡಿದು ನಡೆಯುತ್ತಾನೆ, ಮಾತು ತೊದಲು, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಹತ್ತಿರದ ಖಾಸಗಿ ಶಾಲೆಯವರು ‘ನಮ್ಮಲ್ಲಿ ವ್ಯವಸ್ಥೆ ಇಲ್ಲ, ವಿಶೇಷ ಶಾಲೆಗೆ ಹಾಕಿ’ ಎಂದು ಕಳಿಸಿದರು. ಸರ್ಕಾರಿ ಶಾಲೆಯವರು ಸೇರಿಸಿಕೊಂಡರು. ಆದರೆ ‘ದಿನಾ ನೀವೇ ಬಂದು ಜೊತೆಗೆ ಕೂರಬೇಕು, ಆಗಲ್ಲ ಅಂದ್ರೆ ಮನೆಯಲ್ಲೇ ಪಾಠ ಅಂತ ಬರೆಸೋಣ’ ಎನ್ನುತ್ತಿದ್ದಾರೆ. ನಾನು ಗಾರ್ಮೆಂಟ್ಸ್‌ಗೆ ಹೋಗುವವಳು. ಏನು ಮಾಡಲಿ ಮೇಡಂ?
- ಒಬ್ಬ ತಾಯಿ, ಮಂಡ್ಯ ಜಿಲ್ಲೆ

ಉತ್ತರ: ಕೆಲಸ ಬಿಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಪತ್ರ ಬರೆಯುವ ಹೊತ್ತಿಗೆ ಎಷ್ಟೋ ಅಮ್ಮಂದಿರು ಕೆಲಸ ಬಿಟ್ಟೇಬಿಟ್ಟಿರುತ್ತಾರೆ. ಶುರುವಿನ ಕೆಲವು ದಿನ ನೀವೋ ಮನೆಯವರೋ ಜೊತೆಗೆ ಹೋಗಿ ಮಗುವಿನ ರೂಢಿ ತೋರಿಸಿಕೊಡುವುದು ಒಳ್ಳೆಯದೇ. ಆದರೆ ವರ್ಷಪೂರ್ತಿ ಅಮ್ಮ ಕೂತರೆ ಮಾತ್ರ ಮಗು ಶಾಲೆಗೆ ಬರಬಹುದು ಎನ್ನುವ ಷರತ್ತು ಯಾವ ಕಾನೂನಿನಲ್ಲೂ ಇಲ್ಲ.

ಇರುವುದು ಏನು ಅಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು, ಕಟ್ಟಡ ಮತ್ತು ಶೌಚಾಲಯ ಮಗುವಿಗೆ ಬಳಸಲು ಆಗುವಂತಿರಬೇಕು, ಆ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅದು ಹೇಳುತ್ತದೆ. ಮಾನ್ಯತೆ ಅಂದಮೇಲೆ ನಿಮ್ಮನ್ನು ವಾಪಸ್ ಕಳಿಸಿದ ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ‘ವ್ಯವಸ್ಥೆ ಇಲ್ಲ’ ಅನ್ನುವುದು ಸೀಟು ಕೊಡದಿರಲು ಕಾರಣ ಆಗುವುದಿಲ್ಲ, ವ್ಯವಸ್ಥೆ ಮಾಡಬೇಕಾದವರೇ ಅವರು. ಸೇರಿಸಿಕೊಳ್ಳುವ ಮುಂಚೆ ಮಗುವನ್ನೋ ಅಪ್ಪ ಅಮ್ಮನನ್ನೋ ಪರೀಕ್ಷೆ ಮಾಡಿ ಆರಿಸುವುದನ್ನು ಶಿಕ್ಷಣ ಹಕ್ಕಿನ, ಅಂದರೆ ಆರ್‌ಟಿಇ ಕಾಯ್ದೆಯ 13ನೇ ಸೆಕ್ಷನ್ ತಡೆಯುತ್ತದೆ. ಆರ್‌ಟಿಇ ಅಡಿ ಖಾಸಗಿ ಶಾಲೆಯ ಶೇ. 25ರ ಉಚಿತ ಸೀಟಿಗೆ ಅಂಗವಿಕಲ ಮಕ್ಕಳೂ ಅರ್ಹರು, ಆದರೆ ನಮ್ಮ ರಾಜ್ಯದಲ್ಲಿ 2019ರಿಂದ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ನಿಮ್ಮ ಮಗ ಈಗಾಗಲೇ ಸರ್ಕಾರಿ ಶಾಲೆಗೆ ಸೇರಿದ್ದಾನಲ್ಲ, ಅಲ್ಲೇ ಗಟ್ಟಿಯಾಗಿ ನಿಂತು ಕೇಳಿ ಎನ್ನುವುದು ನನ್ನ ಸಲಹೆ.

ಈಗ ಆ ‘ಮನೆಯಲ್ಲೇ ಪಾಠ’ದ ಮಾತು. ಗೃಹಾಧಾರಿತ ಶಿಕ್ಷಣ ಇರುವುದು ಹಾಸಿಗೆಯಿಂದ ಏಳಲಾಗದ, ತೀವ್ರ ಅಥವಾ ಬಹು ಅಂಗವೈಕಲ್ಯ ಇರುವ ಮಕ್ಕಳಿಗಾಗಿ. ಅದೂ ಮನೆಯವರು ಬೇಕು ಅಂದರೆ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಅದನ್ನು ಮಗುವಿನ ಕಡೆಯವರು ಆರಿಸಿಕೊಳ್ಳುವ ಹಕ್ಕು ಎಂದು ಕೊಟ್ಟಿದ್ದಾರೆ, ಶಾಲೆಯವರು ಹೊರಿಸುವ ಹಾಗಿಲ್ಲ. ಗೋಡೆ ಹಿಡಿದು ನಡೆಯುವ, ಎಲ್ಲ ಅರ್ಥ ಮಾಡಿಕೊಳ್ಳುವ ಹುಡುಗನನ್ನು ಆ ಪಟ್ಟಿಗೆ ಬರೆಸಿದರೆ ಅವನಿಗೆ ಸಿಗುವುದು ಆಗೊಮ್ಮೆ ಈಗೊಮ್ಮೆ ಬರುವ ಒಬ್ಬ ಶಿಕ್ಷಕರು ಮಾತ್ರ. ಜೊತೆಗೆ ಕೂರುವ ಮಕ್ಕಳು ಇಲ್ಲ, ಬೆಲ್ ಇಲ್ಲ, ಜಗಳ ಇಲ್ಲ, ಆಟ ಇಲ್ಲ. ಸಹಿ ಹಾಕಬೇಡಿ.

ಮುಖ್ಯ ಶಿಕ್ಷಕರನ್ನೂ ಪೂರ್ತಿ ತಪ್ಪು ಅನ್ನಲಾರೆ. ಇಬ್ಬರೇ ಟೀಚರ್ ಇರುವ ಶಾಲೆ ಆಗಿದ್ದರೆ ಅವರಿಗೆ ನಿಜಕ್ಕೂ ಭಯ ಇರುತ್ತದೆ. ಹುಡುಗ ಬಿದ್ದರೆ? ಚಡ್ಡಿ ಒದ್ದೆಯಾದರೆ? ಅನ್ನ ಗಂಟಲಿಗೆ ಸಿಕ್ಕಿಕೊಂಡರೆ? ಅವರ ಬಾಯಲ್ಲಿ ‘ನೀವೇ ಬಂದು ಕೂರಿ’ ಬರುವುದು ಇದರಿಂದಲೇ. ಅದಕ್ಕೇ ಹೇಳುತ್ತೇನೆ, ‘ನನ್ನ ಮಗನನ್ನು ನೋಡಿಕೊಳ್ಳಿ ಸರ್’ ಅಂತ ಕೇಳಬೇಡಿ. ಅದಕ್ಕೆ ಯಾರೂ ಹೂಂ ಅನ್ನುವುದಿಲ್ಲ. ಒಂದೊಂದೇ ಕೆಲಸ ಹೆಸರಿಸಿ ಕೇಳಿ.

ಒಂದು ಹಾಳೆಯಲ್ಲಿ ಮಗನ ಬಗ್ಗೆ ಬರೆಯಿರಿ. ಏನೇನು ತಾನೇ ಮಾಡುತ್ತಾನೆ, ಯಾವುದಕ್ಕೆ ಕೈ ಹಿಡಿಯಬೇಕು, ಶೌಚಕ್ಕೆ ಹೋಗಬೇಕು ಅಂದಾಗ ಹೇಗೆ ಹೇಳುತ್ತಾನೆ, ಬಿಸಿಯೂಟದಲ್ಲಿ ಅನ್ನ ಮೆತ್ತಗೆ ಕಲಸಿ ಕೊಡಬೇಕಾ, ತಿನ್ನಲು ಎಷ್ಟು ಹೊತ್ತು ಹಿಡಿಯುತ್ತದೆ, ಪೆನ್ಸಿಲ್ ಹಿಡಿಯಲು ಬರುತ್ತದಾ, ಇಲ್ಲದಿದ್ದರೆ ಬಾಯಲ್ಲಿ ಉತ್ತರ ಹೇಳಿಸಬಹುದಾ. ಫಿಟ್ಸ್ ಬರುವುದಿದ್ದರೆ ಅದು ಎಲ್ಲಕ್ಕಿಂತ ಮೇಲೆ ಇರಲಿ, ಮಾತ್ರೆ ಯಾವಾಗ, ಫೋನ್ ಯಾರಿಗೆ ಅನ್ನುವುದರ ಸಮೇತ. ಇದರ ಕೆಳಗೆ ಶಾಲೆಯಿಂದ ಏನು ಬೇಕು ಅಂತ ಬರೆಯಿರಿ. ಬಾಗಿಲಿಗೆ ಹತ್ತಿರದ ಜಾಗ, ಕೈ ಇರುವ ಕುರ್ಚಿ, ಮೆಟ್ಟಿಲಿಗೆ ರ‍್ಯಾಂಪ್, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ ಮತ್ತು ಕಮೋಡ್ ಕುರ್ಚಿ, ಬೆಳಿಗ್ಗೆ ಒಮ್ಮೆ ಊಟದ ನಂತರ ಒಮ್ಮೆ ಅವನನ್ನು ಶೌಚಕ್ಕೆ ಕರೆದುಕೊಂಡು ಹೋಗುವ ಒಬ್ಬರು. ಯಾರು ಅನ್ನುವುದನ್ನು ಮುಖ್ಯ ಶಿಕ್ಷಕರ ಜೊತೆ ಕೂತು ಮಾತಾಡುವಾಗಲೇ ತೀರ್ಮಾನ ಮಾಡಿಸಿ. ಈ ಶೌಚದ ವಿಷಯ ಮಾತಾಡಲು ಎಲ್ಲರಿಗೂ ಸಂಕೋಚ, ಆದರೆ ಮಕ್ಕಳು ಶಾಲೆ ಬಿಡುವುದು ಪಾಠಕ್ಕಿಂತ ಜಾಸ್ತಿ ಇದರಿಂದಲೇ ಎಂದು ನನಗೆ ಅನ್ನಿಸುತ್ತದೆ.

ಈ ಹಾಳೆಯನ್ನು ಮನವಿ ಪತ್ರದ ಜೊತೆ ಮುಖ್ಯ ಶಿಕ್ಷಕರಿಗೆ ಕೊಟ್ಟು ಒಂದು ಪ್ರತಿಗೆ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಕೇಳಿದ್ದಕ್ಕೆ ನಾಳೆ ಸಾಕ್ಷಿ ಇರಲ್ಲ. ಇನ್ನೊಂದು ಪ್ರತಿ ತಾಲ್ಲೂಕಿನ ಶಿಕ್ಷಣಾಧಿಕಾರಿಯಾದ ಬಿಇಒ ಕಚೇರಿಗೆ, ಮತ್ತೊಂದು ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಗೆ. ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರನ್ನು ನೇರವಾಗಿ ಭೇಟಿ ಮಾಡಿ, ಶಾಲೆಗೆ ಬಂದು ಮಗನನ್ನು ನೋಡಿ ಟೀಚರ್‌ಗೆ ತೋರಿಸಿಕೊಡಲು ಕೇಳಿ. ಮಕ್ಕಳಿಗೆ ವೈದ್ಯಕೀಯ ತಪಾಸಣಾ ಶಿಬಿರ ಯಾವಾಗ ಅಂತಲೂ ಅವರಿಗೆ ಗೊತ್ತಿರುತ್ತದೆ. ವಾಕರ್, ಸಿ.ಪಿ. (ಸೆರೆಬ್ರಲ್ ಪಾಲ್ಸಿ) ಮಕ್ಕಳ ಕುರ್ಚಿ, ಕಾಲಿನ ಕ್ಯಾಲಿಪರ್‌ಗೆ ಅಳತೆ ತೆಗೆದುಕೊಳ್ಳುವುದು ಅಲ್ಲೇ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆ, ಮಗುವನ್ನು ಕರೆತರುವವರಿಗೆ ಬೆಂಗಾವಲು ಭತ್ಯೆ ಎಂದು ಇದೆ. ನಿಮ್ಮ ತಾಯಿಯೋ ನೆರೆಮನೆಯವರೋ ಬಿಟ್ಟು ಬರುವುದಾದರೆ ಅದಕ್ಕೂ ಅರ್ಜಿ ಕೊಡಿ.

ರ‍್ಯಾಂಪಿಗೆ ದುಡ್ಡಿಲ್ಲ ಎಂದರೆ ಪಂಚಾಯ್ತಿಗೆ ಹೋಗಿ. ಗ್ರಾಮ ಪಂಚಾಯ್ತಿಗಳು ಅಂಗವಿಕಲರಿಗಾಗಿ ಶೇ. 5ರಷ್ಟು ಹಣ ಮೀಸಲಿಡಬೇಕು. ಪಂಚಾಯ್ತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಸಾಮಾನ್ಯವಾಗಿ ಅವರೂ ಅಂಗವಿಕಲರೇ, ಹಾಗಾಗಿ ನಿಮ್ಮ ಮಾತು ಅವರಿಗೆ ಬೇಗ ತಲುಪುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಅದಕ್ಕೂ ಅವರೇ ಸಹಾಯ ಮಾಡುತ್ತಾರೆ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಪ್ರಮಾಣೀಕರಿಸಿದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಮಗುವಿನ ಹಕ್ಕು. ನೆರೆಯ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆಯೂ ನಿಮ್ಮದೇ.

ಇಷ್ಟೆಲ್ಲ ಆದಮೇಲೂ ‘ನೀವೇ ಕೂರಿ’ ಅಂದರೆ, ಬಿಇಒಗೆ ಲಿಖಿತ ದೂರು. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ಕಾಯ್ದೆಯ ರಾಜ್ಯ ಆಯುಕ್ತರಿಗೆ ಬರೆಯಿರಿ. ವಕೀಲರು ಬೇಕಿಲ್ಲ, ನಿಮ್ಮ ಆ ಸಹಿ ಇರುವ ಪ್ರತಿಗಳೇ ಸಾಕು.

ಪ್ರಶ್ನೆ: ಮೊಮ್ಮಗಳಿಗೆ ಮೂರು ವರ್ಷ. ಹೆಸರು ಕರೆದರೆ ತಿರುಗುವುದಿಲ್ಲ, ಮಾತಿಲ್ಲ, ಒಂದೇ ಆಟಿಕೆ ಹಿಡಿದು ಕೂರುತ್ತಾಳೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಪ್ಲೇಹೋಂನವರು ತುಂಬಾ ಅಳುತ್ತಾಳೆ ಎಂದು ಬಿಡಿಸಿದರು. ಅಂಗನವಾಡಿಗೆ ಕಳಿಸಬಹುದಾ? ‘ಮಾತು ತಡ, ಬರುತ್ತೆ ಬಿಡಿ’ ಅನ್ನುತ್ತಾರೆ ಎಲ್ಲರೂ.
- ಅಜ್ಜಿ, ಮೈಸೂರು

ಉತ್ತರ: ಬರುತ್ತೆ ಬಿಡಿ ಎಂದು ಕಾಯಬೇಡಿ ಅಮ್ಮ. ಮೊದಲು ಕಿವಿ ಪರೀಕ್ಷೆ ಆಗಲಿ, ಕರೆದಾಗ ತಿರುಗದ ಮಗುವಿಗೆ ಕೇಳಿಸುತ್ತದಾ ಅನ್ನುವುದು ಮೊದಲು ಗೊತ್ತಾಗಬೇಕು. ನೀವು ಮೈಸೂರಿನಲ್ಲೇ ಇದ್ದೀರಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದೂರದ ಊರುಗಳಿಂದ ಜನ ಬರುತ್ತಾರೆ. ಕಿವಿ, ಮಾತು, ಆಟಿಸಂ (ಮಾತು, ಬೆರೆಯುವಿಕೆಯ ಬೆಳವಣಿಗೆಯಲ್ಲಿನ ವ್ಯತ್ಯಾಸ) ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಬೇರೆ ಜಿಲ್ಲೆಯ ಓದುಗರು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿ ಎಂದು ಕೇಳಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿ 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಕಾರ್ಯಕ್ರಮದ ಕೇಂದ್ರ ಅದು. ಇದು ಆಟಿಸಂ ಹೌದೋ ಅಲ್ಲವೋ ಎಂದು ತೀರ್ಮಾನ ಆಗುವವರೆಗೂ ಥೆರಪಿಗೆ ಕಾಯುತ್ತಾ ಕೂರಬೇಕಿಲ್ಲ, ಶುರು ಮಾಡಿಬಿಡಿ.

ಅಂಗನವಾಡಿಗೆ ಧಾರಾಳವಾಗಿ ಕಳಿಸಿ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳಿಗಾಗಿಯೇ ಅಂಗನವಾಡಿ ಮಾರ್ಗಸೂಚಿ ತಂದಿದೆ. ಬೇಗ ಗುರುತಿಸಬೇಕು, ಉಳಿದ ಮಕ್ಕಳ ಜೊತೆಗೇ ಸೇರಿಸಿಕೊಳ್ಳಬೇಕು, ಮುಂದಿನ ತಪಾಸಣೆಗೆ ಕಳಿಸಬೇಕು ಅನ್ನುವುದು ಅದರ ತಿರುಳು. ಮೊದಲ ವಾರ ನೀವು ಜೊತೆಗಿದ್ದು, ಅರ್ಧ ಗಂಟೆಯಿಂದ ಶುರು ಮಾಡಿ, ನಿಧಾನವಾಗಿ ಸಮಯ ಹೆಚ್ಚಿಸಿ. ಅವಳ ಆ ಆಟಿಕೆ ಜೊತೆಗೇ ಹೋಗಲಿ. ಯಾವ ಶಬ್ದಕ್ಕೆ ಬೆಚ್ಚುತ್ತಾಳೆ, ಏನು ಮಾಡಿದರೆ ಸುಮ್ಮನಾಗುತ್ತಾಳೆ ಅಂತ ಟೀಚರ್‌ಗೆ ಹೇಳಿ. ಮತ್ತೆ ಪ್ಲೇಹೋಂ ಹುಡುಕುವುದಾದರೆ ಗೋಡೆಯ ಬಣ್ಣ, ಸಿಸಿಟಿವಿ ನೋಡಿ ಮರುಳಾಗಬೇಡಿ. ಒಬ್ಬ ಆಯಾಗೆ ಎಷ್ಟು ಮಕ್ಕಳು, ಮಗು ಅತ್ತಾಗ ಏನು ಮಾಡುತ್ತಾರೆ, ಥೆರಪಿಸ್ಟ್ ಹೇಳಿಕೊಟ್ಟಿದ್ದನ್ನು ಅಲ್ಲೂ ಮಾಡಿಸುತ್ತಾರಾ ಅಂತ ಕೇಳಿ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳಿಗೆ ಡಿಸ್ಲೆಕ್ಸಿಯಾ. ಎಸ್‌ಎಸ್‌ಎಲ್‌ಸಿಯಲ್ಲಿ ವಿನಾಯಿತಿ ಸಿಗುತ್ತದಾ? ಯಾವಾಗ ಕೇಳಬೇಕು?
- ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಸಿಗುತ್ತದೆ. ಈಗಲೇ ಕೇಳಿ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವುದು, ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದು. ಬರೆಯುವ ಸಹಾಯಕರು, ಹೆಚ್ಚುವರಿ ಸಮಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಅದರ 17ನೇ ಸೆಕ್ಷನ್‌ನಲ್ಲಿವೆ. ಆದರೆ ಪ್ರಮಾಣಪತ್ರ ಇಲ್ಲದೆ ಪರೀಕ್ಷಾ ಮಂಡಳಿ ಏನೂ ಮಾಡುವುದಿಲ್ಲ, ಪರೀಕ್ಷೆಗೆ ತಿಂಗಳಿರುವಾಗ ಓಡಾಡಿದರೆ ಅದು ಕೈಗೆ ಬರುವುದಿಲ್ಲ. ಒಂಬತ್ತರಲ್ಲೇ ಡಿಸ್ಲೆಕ್ಸಿಯಾ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಿರಿ. ಹತ್ತನೇ ಕ್ಲಾಸಿನ ನೋಂದಣಿ ಹೊತ್ತಿಗೆ ಮುಖ್ಯ ಶಿಕ್ಷಕರ ಮೂಲಕವೇ ಅರ್ಜಿ ಹೋಗಬೇಕು. ಶಾಲೆಯ ಟೆಸ್ಟ್‌ಗಳಲ್ಲೂ ಅದೇ ಸೌಲಭ್ಯ ಕೇಳಿ, ಬೇರೆಯವರಿಗೆ ಹೇಳಿ ಬರೆಸುವುದಕ್ಕೂ ಅಭ್ಯಾಸ ಬೇಕು. ಭಾಷೆ ಬಿಡಿಸುವ ಮುಂಚೆ ಮಾತ್ರ ಮಗಳನ್ನೇ ಕೂರಿಸಿಕೊಂಡು ಕೇಳಿ, ಅವಳಿಗೆ ಇಷ್ಟವಾದ ಭಾಷೆಯನ್ನು ಅಂಕದ ಆಸೆಗೆ ಬಿಡಿಸಬೇಡಿ.