ಸಾಲು ಎಲ್ಲಿ ಮುರಿಯಬೇಕು, ಭಾಮಿನಿಗೆ ತರಬಹುದೇ?

ಸರ್, ನಿಮ್ಮ ಪದ್ಯದ ಸಾಲು ಎಲ್ಲಿ ಮುರಿಯಬೇಕು, ಅದನ್ನು ಭಾಮಿನಿ ಷಟ್ಪದಿಗೆ (ಆರು ಸಾಲಿನ ಪದ್ಯದ ಒಂದು ಬಗೆ) ತರಬಹುದೇ ಎಂದು ಕೇಳಿದ್ದೀರಿ. ನೀವು ಹಾಕಿದ ಕರಡು ಇದು:

ಮಳೆ ನಿಂತ ಮೇಲೆ
ಹಳೆ ಕೊಡದೊಳಗೆ
ಆಕಾಶ
ನಡುಗುತ್ತಿದೆ
ಕಾಗೆಯೊಂದು ಬಂದು ಕುಡಿದು ಹೋಯಿತು

ಮೊದಲು ಸಾಲುಗಳನ್ನೆಲ್ಲ ಕೂಡಿಸಿ ಗದ್ಯದ ಹಾಗೆ ಬರೆದು, ಗಟ್ಟಿಯಾಗಿ ಓದಿ ಮಾತ್ರೆ (ಉಚ್ಚಾರದ ಅಳತೆ: ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು) ಹಾಕಿ: ಮಳೆನಿಂತ/ಮೇಲೆಹಳೆ/ಕೊಡದೊಳಗೆ/ಆಕಾಶ. ಎಲ್ಲವೂ ಐದೈದು ಮಾತ್ರೆ. ಛಂದಸ್ಸು ಆಗಲೇ ಒಳಗಿದೆ, ಹೊರಗಿನಿಂದ ತರಬೇಕಿಲ್ಲ. ಎಡವುವುದು ‘ನಡುಗುತ್ತಿದೆ’ಯಲ್ಲಿ. ಒತ್ತಕ್ಷರದ ಹಿಂದಿನ ‘ಗು’ ಗುರುವಾಗಿ ಆರು ಮಾತ್ರೆಯಾಗುತ್ತದೆ. ‘ನಡುಗುತಿದೆ’ ಎಂದರೆ ಐದು.

ಮಳೆ–ಹಳೆ ಆದಿಪ್ರಾಸಕ್ಕಾಗಿ (ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು) ‘ಮೇಲೆ’ಯ ನಂತರ ಮುರಿದಿದ್ದೀರಿ. ಪ್ರಾಸವೇನೋ ಸರಿ, ಎರಡು ಕಡೆಯೂ ಮೊದಲಕ್ಷರ ಲಘು, ಎರಡನೆಯದು ‘ಳ’. ಆದರೆ ಗಣ (ಇಲ್ಲಿ ಐದು ಮಾತ್ರೆಯ ಗುಂಪು) ನಡುವೆ ಒಡೆಯಿತು. ಅಲ್ಲಿ ನಿಲ್ಲಿಸಿ ‘ಹಳೆ’ಯಿಂದ ಹೊಸದಾಗಿ ಎಣಿಸಿದರೆ ಹಳೆಕೊಡದೊ/ಳಗೆಆ ಎಂಬಲ್ಲಿಗೆ ನಾಲ್ಕಾಗುತ್ತದೆ, ಮುಂದಿನ ‘ಕಾ’ ಸೇರಿದರೆ ಆರು. ಓದುವವರ ನಾಲಿಗೆ ಮುಗ್ಗರಿಸುವುದು ಅದಕ್ಕೇ. ಪ್ರಾಸ ಸಾಲಿನ ಒಳಗೇ ಇದ್ದರೂ ಕಿವಿಗೆ ಕೇಳುತ್ತದೆ, ಬಿಡಿ.

ನನ್ನ ಮಟ್ಟಿಗೆ ಮುರಿಯಬೇಕಾದ ಜಾಗ ‘ಕೊಡದೊಳಗೆ’ಯ ಬಳಿಕ. ಗಣ ಅಲ್ಲಿ ಪೂರ್ತಿಯಾಗುತ್ತದೆ. ‘ಆಕಾಶ’ವನ್ನು ಅದೇ ಸಾಲಿನಲ್ಲಿಟ್ಟರೆ ಓದುವವರು ‘ಕೊಡದೊಳಗಾಕಾಶ’ ಎಂದು ಸಂಧಿ ಮಾಡಿ ಮಾತ್ರೆ ಕೆಡಿಸುವ ಅಪಾಯವೂ ಇದೆ.

ಕೊನೆಯ ಸಾಲು ಮೂರು ಮಾತ್ರೆಯ ನಡೆಗೆ ಜಾರಿದೆ: ಕಾಗೆ/ಯೊಂದು/ಬಂದು/ಕುಡಿದು, ಕೊನೆಗೆ ‘ಹೋಯಿತು’ ಎಂಬ ನಾಲ್ಕು. ಕಾಗೆಯ ಕುಪ್ಪಳಿಕೆಗೆ ಬೇಕೆಂದೇ ನಡೆ ಬದಲಿಸಿದ್ದರೆ ‘ಹೋಯಿತು’ ತೆಗೆದು ‘ಕುಡಿದು’ಗೇ ನಿಲ್ಲಿಸಬಹುದು. ಇಲ್ಲದಿದ್ದರೆ:

ಮಳೆ ನಿಂತ ಮೇಲೆ ಹಳೆ ಕೊಡದೊಳಗೆ
ಆಕಾಶ ನಡುಗುತಿದೆ
ಕಾಗೆ ಬಂದದನು ಕುಡಿಯಿತು

ಸಾಲುಗಳಿಗೆ ಕ್ರಮವಾಗಿ ಹದಿನೈದು, ಹತ್ತು, ಹನ್ನೆರಡು ಮಾತ್ರೆ. ಕೊನೆಯ ಗಣ ಎರಡೇ ಮಾತ್ರೆಗೆ ನಿಲ್ಲುವುದರಿಂದ ಪದ್ಯ ಮುಗಿಯಿತೆಂದು ಕಿವಿಗೇ ಗೊತ್ತಾಗುತ್ತದೆ. ‘ಅದನು’ ಬಂದದ್ದರಿಂದ ಕಾಗೆ ಕುಡಿದದ್ದು ಆಕಾಶವನ್ನು. ನನಗೆ ಇದೇ ಹೆಚ್ಚು ಇಷ್ಟ.

ಭಾಮಿನಿ ಬೇಡ. ಅದರ ನಡೆ ಮೂರು–ನಾಲ್ಕು ಮಾತ್ರೆಯದು, ನಿಮ್ಮದು ಐದರದು: 1, 2, 4, 5ನೆಯ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23, ಒಟ್ಟು 102. ಮೇಲಿನ ತಿದ್ದಿದ ರೂಪದಲ್ಲಿರುವುದು 37. ಉಳಿದದ್ದನ್ನು ವಿಶೇಷಣ ತುರುಕಿ ತುಂಬಬೇಕು, ಆರೂ ಸಾಲಿಗೆ ಆದಿಪ್ರಾಸ ಬೇರೆ. ಷಟ್ಪದಿಯೇ ಬೇಕೆಂದರೆ ಐದು ಮಾತ್ರೆಯ ಕುಸುಮ ಷಟ್ಪದಿ ಹತ್ತಿರ (ಮೊದಲ ಮೂರು ಸಾಲಿಗೆ 10, 10, 17, ಮುಂದಿನ ಮೂರಕ್ಕೂ ಅದೇ), ಅದಕ್ಕೂ 74 ಮಾತ್ರೆ ಬೇಕು. ಪದ್ಯ ಮುಂದೆ ಬೆಳೆಯುವುದಾದರೆ ಸರಳ ರಗಳೆ ನೋಡಿ: ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಪ್ರಾಸದ ಕಟ್ಟಿಲ್ಲ, ವಾಕ್ಯ ಸಾಲಿನ ನಡುವೆಯೇ ನಿಲ್ಲಬಹುದು.