ಹಳೇ ಬೊಲೆರೊ ಕ್ಯಾಂಪರನ್ನು ಮನೆಯಲ್ಲೇ ರೆಡಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮದು 2011ರ ಬೊಲೆರೊ ಕ್ಯಾಂಪರ್, ಅಂದರೆ ಹಿಂದೆ ಸಾಮಾನು ಹೇರೋ ಲೋಡ್ ಬಾಡಿ ಇರೋ ಮಹೀಂದ್ರಾ ಪಿಕಪ್. ಡಿಐ ಡೀಸೆಲ್ ಎಂಜಿನ್, ಸೆಕೆಂಡ್ ಹ್ಯಾಂಡ್. ಸ್ಪ್ಯಾನರ್ ಹಿಡಿಯೋಕೆ ಬರುತ್ತೆ, ಕೈಯಲ್ಲಿ ನಲವತ್ತು ಸಾವಿರ ಇದೆ, ಓಡಾಟ ಎಲ್ಲ ತೋಟ ಮತ್ತು ಘಾಟಿ. ಲೈಟ್ ಬಾರ್, ದೊಡ್ಡ ಟಯರ್, ಬುಲ್ ಬಾರ್ (ಮೂತಿಗೆ ಹಾಕೋ ಕಬ್ಬಿಣದ ಪೈಪಿನ ಗಾರ್ಡು), ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ ಜಾಸ್ತಿ, ಇದರಲ್ಲಿ ಮೊದಲು ಯಾವುದು ಅಂತ ಕೇಳಿದ್ದೀರಿ. ನನ್ನ ಕೇಳಿದರೆ ನಾಲ್ಕೂ ಬೇಡ. ಅದೇ ದುಡ್ಡಲ್ಲಿ ಹೆಡ್‌ಲೈಟ್ ವೈರಿಂಗ್, ಲೋಡ್ ಬಾಡಿ, ಬ್ರೇಕ್ ಈ ಮೂರನ್ನ ಸರಿ ಮಾಡಿ. ನಾನೂ ಮೂಡಿಗೆರೆ ಕಡೆ ಕಾಫಿ, ಅಡಿಕೆ ಇರೋನು. ಇಂಥದ್ದೇ ಒಂದು ಕ್ಯಾಂಪರನ್ನ ಶೆಡ್ಡಿನಲ್ಲೇ ನೋಡಿಕೊಳ್ತೀನಿ. ಹಾಗಾಗಿ ಮಲೆನಾಡಿನ ಮಳೆ ಮತ್ತು ಗೊಬ್ಬರದ ಮೂಟೆ ಲೆಕ್ಕ ಇಟ್ಟುಕೊಂಡೇ ಹೇಳ್ತಿದ್ದೀನಿ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬುಲ್ ಬಾರ್ ಬಗ್ಗೆಯಂತೂ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು ತೆಗೆಸಿ ಅಂದಿದೆ. ಅದಕ್ಕೆ ಕಾರಣವೂ ಇದೆ: ಡಿಕ್ಕಿಯಾದಾಗ ಆ ಪೈಪು ಪೆಟ್ಟನ್ನ ನೇರ ಚಾಸಿಗೆ ದಾಟಿಸುತ್ತೆ, ಎದುರಿಗೆ ಬಂದ ಮನುಷ್ಯನಿಗಂತೂ ಉಳಿಗಾಲ ಇಲ್ಲ. ಹಳದಿ ಬೋರ್ಡಿನ ಗಾಡಿ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಬೇಕು. ಪ್ರತಿ ವರ್ಷ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸೋ ಗಾಡಿಗೆ ಏನು ಹಾಕಬೇಕು, ಏನು ಬೇಡ ಅಂತ ನೀವೇ ಯೋಚಿಸಿ. ಇನ್ಶೂರೆನ್ಸ್ ಕ್ಲೇಮಿನಲ್ಲೂ ಮೊದಲು ಕಣ್ಣಿಗೆ ಬೀಳೋದು ಇಂಥವೇ.

ಈಗ ಲೈಟಿಗೆ ಬರೋಣ. ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿ ಥರ ಉರಿಯುತ್ತೆ ಅಂತ ಬರೆದಿದ್ದೀರಿ. ಇದಕ್ಕೆ ಎಲ್ಲರೂ ಬಲ್ಬನ್ನ ಬೈತಾರೆ. ಎಚ್4 ಬಲ್ಬು 60/55 ವ್ಯಾಟಿನದು, ಸರಿಯಾಗಿ ಕರೆಂಟ್ ಸಿಕ್ಕಿದರೆ ಘಾಟಿಗೆ ಧಾರಾಳ ಸಾಕು. ಹಳೇ ಗಾಡಿಯಲ್ಲಿ ಆ ಕರೆಂಟು ಬ್ಯಾಟರಿಯಿಂದ ಹೊರಟು ಫ್ಯೂಸ್ ಬಾಕ್ಸ್, ಸ್ವಿಚ್ಚು, ವೈರು ಜೋಡಿಸೋ ಸಾಲು ಸಾಲು ಕಪ್ಲರ್ ದಾಟಿ ಬರಬೇಕು. ವೈರು ತೆಳು, ಕಪ್ಲರಿನ ಪಿನ್ನುಗಳು ಮಳೆಗಾಲದ ತೇವಕ್ಕೆ ಹಸಿರುಗಟ್ಟಿರುತ್ತವೆ. ದಾರಿಯಲ್ಲೇ ವೋಲ್ಟೇಜ್ ಇಳಿದುಹೋಗುತ್ತೆ.

ಇದನ್ನ ಅಂದಾಜಿನಲ್ಲಿ ನೋಡಬೇಡಿ, ಅಳೆಯಿರಿ. ಮಲ್ಟಿಮೀಟರನ್ನ 20 ವೋಲ್ಟ್ ಡಿಸಿಗೆ ಇಡಿ. ಎಂಜಿನ್ ಓಡ್ತಿರಲಿ, ಹೆಡ್‌ಲೈಟ್ ಆನ್ ಇರಲಿ, ಬಲ್ಬು ಹೋಲ್ಡರಿನಲ್ಲೇ ಕೂತಿರಲಿ. ಒಂದು ಪ್ರೋಬನ್ನ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನ ಹೋಲ್ಡರಿನ ಹಿಂದಿನಿಂದ ಬಲ್ಬಿನ ಲೈನ್ ಪಿನ್ನಿಗೆ ತಾಗಿಸಿ. ಮೀಟರ್ ತೋರಿಸೋದೇ ದಾರಿಯಲ್ಲಿ ನಷ್ಟ ಆದ ವೋಲ್ಟು. ಆಮೇಲೆ ಬ್ಯಾಟರಿ ಮೈನಸ್‌ನಿಂದ ಬಲ್ಬಿನ ಅರ್ತ್ ಪಿನ್ನಿಗೂ ಹೀಗೇ ನೋಡಿ. ಎಷ್ಟೋ ಗಾಡಿಯಲ್ಲಿ ಅರ್ಧ ಕಳ್ಳತನ ಅರ್ತಿನಲ್ಲೇ ಆಗಿರುತ್ತೆ. ಎರಡೂ ಸೇರಿ ಅರ್ಧ ವೋಲ್ಟಿನೊಳಗಿದ್ದರೆ ಸುಮ್ಮನೆ ಬಿಡಿ. ಒಂದು ವೋಲ್ಟ್ ದಾಟಿದರೆ ಕೆಲಸ ಇದೆ ಅಂತ ಅರ್ಥ. ಹ್ಯಾಲೊಜೆನ್ ಬಲ್ಬಿನ ಸ್ವಭಾವ ಏನಂದ್ರೆ, ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತೆ. 13.2 ಸಿಗಬೇಕಾದ ಕಡೆ 11.5 ವೋಲ್ಟ್ ಬಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳಕು ಮಾಯ.

ಪರಿಹಾರ ಎರಡು ರಿಲೇ (ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟು ಬಿಡೋ ಸ್ವಿಚ್ಚು), ಒಂದು ಡಿಮ್ಮಿಗೆ, ಒಂದು ಬ್ರೈಟಿಗೆ. ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ನಾಲ್ಕು ಕಾಲಿನ ರಿಲೇ ಮೇಲೆ ನಂಬರ್ ಬರೆದಿರುತ್ತೆ: 30ಕ್ಕೆ ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ದಾಟಿ ಬಂದ ವೈರು, 87ರಿಂದ ಬಲ್ಬಿಗೆ, 85 ಅರ್ತಿಗೆ, 86ಕ್ಕೆ ಹಳೇ ಹೋಲ್ಡರಿನಿಂದ ಬರೋ ವೈರು. ಅಂದರೆ ಹಳೇ ವೈರಿಂಗ್ ಈಗ ರಿಲೇಗೆ ಸನ್ನೆ ಮಾಡುತ್ತೆ ಅಷ್ಟೇ, ಭಾರ ಹೊರೋದು ಹೊಸ ವೈರು. ಎರಡು ಬಲ್ಬಿಗೆ ಹತ್ತು ಆಂಪಿಯರ್ ಆಸುಪಾಸು ಹರಿಯುತ್ತೆ, 2.5 ಸ್ಕ್ವೇರ್ ಎಂಎಂ ತಾಮ್ರದ ಆಟೋ ವೈರು, 15 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸನ್ನ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕಿ. ದೂರ ಹಾಕಿದರೆ ಅಲ್ಲಿಯವರೆಗಿನ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದಾಗ ಕಾಯೋರು ಯಾರೂ ಇರಲ್ಲ. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಅರ್ತ್ ಕಡೆ ಇರುತ್ತೆ, ಆದ್ದರಿಂದ ಕತ್ತರಿ ಹಾಕೋ ಮೊದಲು ಟೆಸ್ಟ್ ಲ್ಯಾಂಪಿನಲ್ಲಿ ಯಾವ ಪಿನ್ನು ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಹಳೇ ಹಾರ್ನೆಸ್ ಕತ್ತರಿಸದೆ ನೇರ ಸಿಕ್ಕಿಸೋ ರೆಡಿಮೇಡ್ ಕಿಟ್ ಕೂಡ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತೆ. ಮೊದಲ ಸಲ ಮಾಡೋರಿಗೆ ಅದೇ ಒಳ್ಳೇದು. ಬಲ್ಬಿನ ಹೋಲ್ಡರ್ ಪಿಂಗಾಣಿಯದೇ ಇರಲಿ.

100/90 ವ್ಯಾಟ್ ಬಲ್ಬು ಹಾಕಿ ಅಂತ ಅಂಗಡಿಯವರು ಹೇಳ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತೆ, ರಸ್ತೆಗೆ ಅನುಮತಿಯೂ ಇಲ್ಲ. ಎಲ್‌ಇಡಿ ಬಲ್ಬೂ ಅಷ್ಟೇ. ಆ ರಿಫ್ಲೆಕ್ಟರನ್ನ ಫಿಲಮೆಂಟು ಇರೋ ಜಾಗಕ್ಕೆ ಲೆಕ್ಕ ಹಾಕಿ ಮಾಡಿರೋದು. ಎಲ್‌ಇಡಿ ಕೂರಿಸಿದರೆ ಎದುರಿನವನ ಕಣ್ಣಿಗೆ ಜೋರು, ನಿಮ್ಮ ರಸ್ತೆಗೆ ಕಮ್ಮಿ. ರಿಫ್ಲೆಕ್ಟರಿನ ಹೊಳಪೇ ಹೋಗಿದ್ದರೆ ಮಾತ್ರ ರಿಲೇಯೂ ಕಾಪಾಡಲ್ಲ, ಅಸೆಂಬ್ಲಿ ಬದಲಿಸಿ. ಕೊನೆಗೆ ಗಾಡಿಯನ್ನ ಮಟ್ಟಸ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಡಿಮ್ಮಿನ ಮೇಲಂಚು ಗೋಡೆಯ ಮೇಲೆ ಲೈಟಿನ ನಡುವಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರಲಿ. ನೀವು ದಿನಾ ಹೇರೋ ಲೋಡು ಹಿಂದೆ ಇಟ್ಟುಕೊಂಡೇ ಇದನ್ನ ಮಾಡಿ, ಯಾಕಂದ್ರೆ ಲೋಡಿಗೆ ಗಾಡಿಯ ಹಿಂದು ಕೂತರೆ ಮೂತಿ ಏಳುತ್ತೆ.

ಲೋಡ್ ಬಾಡಿ ವಿಷಯಕ್ಕೆ ಬಂದರೆ, ನಮ್ಮ ಕಡೆ ಗಾಡಿ ಸಾಯೋದು ಎಂಜಿನ್ನಿಂದ ಅಲ್ಲ, ತಳದಿಂದ. ಮಳೆ ಒಂದೇ ಆಗಿದ್ದರೆ ತಡೀತಿತ್ತೋ ಏನೋ. ಪೊಟ್ಯಾಷ್ ಮೂಟೆಯಿಂದ ಉದುರಿದ ಪುಡಿ ಅಂದರೆ ಕ್ಲೋರೈಡ್ ಉಪ್ಪು. ಅದು ಗಾಳಿಯ ತೇವ ಹೀರಿಕೊಂಡು ಶೀಟಿನ ಸಂದಿಯಲ್ಲಿ ಕೂತು ಕಬ್ಬಿಣ ತಿನ್ನುತ್ತೆ. ಮೈಲುತುತ್ತ (ಕಾಪರ್ ಸಲ್ಫೇಟ್) ಅದಕ್ಕಿಂತ ಕೆಟ್ಟದ್ದು. ಅದರ ನೀರು ಬಿದ್ದ ಕಡೆ ತಾಮ್ರ ಕಬ್ಬಿಣದ ಮೇಲೆ ಕೂರುತ್ತೆ, ಕಬ್ಬಿಣ ಕರಗುತ್ತೆ. ಮೈಲುತುತ್ತ, ಸುಣ್ಣ ಕಲಸಿ ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಯಾರೂ ಕಬ್ಬಿಣದ ಡ್ರಮ್ ಬಳಸದಿರೋದು ಇದಕ್ಕೇ, ಆದರೆ ಔಷಧಿ ಹೊಡೆದು ಬಂದ ಬ್ಯಾರೆಲ್ಲನ್ನ ಗಾಡಿಯಲ್ಲೇ ಬಿಟ್ಟು ಮಲಗೋರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಒಣ ಹವೆ ಇರೋ ತಿಂಗಳು ನೋಡಿ ಕೈ ಹಾಕಿ. ರಬ್ಬರ್ ಮ್ಯಾಟ್ ಕಿತ್ತು ಹಾಕಿ ಚೆನ್ನಾಗಿ ತೊಳೆದು ಒಣಗಲು ಬಿಡಿ. ಆಮೇಲೆ ಸಣ್ಣ ಸುತ್ತಿಗೆಯಲ್ಲಿ ತಳ ಪೂರ್ತಿ ತಟ್ಟುತ್ತಾ ಹೋಗಿ. ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ತಿಂದುಹೋದ ಕಡೆ ಶಬ್ದ ಸತ್ತಿರುತ್ತೆ. ಸಂಶಯ ಬಂದಲ್ಲಿ ಹಳೇ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಮುಖ್ಯವಾಗಿ ಹಿಂದಿನ ಚಕ್ರದ ಮೇಲ್ಭಾಗ, ಬಾಗಿಲಿನ ಕೀಲಿನ ಬುಡ, ತಳದ ಕೆಳಗೆ ಅಡ್ಡ ಹೋಗಿರೋ ಕ್ರಾಸ್ ಮೆಂಬರ್. ತೂತು ಬಿದ್ದ ಶೀಟಿಗೆ ಟಿಂಕರ್ ಹತ್ತಿರ ಪ್ಯಾಚ್ ಹಾಕಿಸಿ, ಎಂ-ಸೀಲ್ ಮೆತ್ತಿ ಮುಚ್ಚಬೇಡಿ. ಚಾಸಿಯಲ್ಲೇ ತುಕ್ಕು ಆಳಕ್ಕೆ ಇಳಿದಿದ್ದರೆ ಮನೆ ಕೆಲಸ ಅಲ್ಲಿಗೆ ನಿಲ್ಲಿಸಿ, ಗೊತ್ತಿರೋರಿಗೆ ತೋರಿಸಿ. ಉಳಿದದ್ದಕ್ಕೆ ಗ್ರೈಂಡರಿಗೆ ವೈರ್ ಕಪ್ ಬ್ರಷ್ ಹಾಕಿ, ಕನ್ನಡಕ ಹಾಕಿಕೊಂಡು ಉಜ್ಜಿ. ಆ ಬ್ರಷ್ಷಿನ ತಂತಿ ಸೂಜಿಯಂತೆ ಹಾರಿಬರುತ್ತೆ. ಮೇಲೆ ತುಕ್ಕು ತಡೆಯೋ ಫಾಸ್ಫಾರಿಕ್ ಆಸಿಡ್ ದ್ರಾವಣ, ಅದು ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೈ, ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ರೆಡ್ ಆಕ್ಸೈಡ್ ಬಳಿದು ಅಷ್ಟಕ್ಕೇ ಬಿಟ್ಟರೆ ಮುಂದಿನ ಜೂನ್ ತಿಂಗಳಿಗೆ ಮತ್ತೆ ಮೊದಲಿನ ಕಥೆ. ನೀರು ಹೋಗೋ ತೂತುಗಳು ಮಣ್ಣು ಕಟ್ಟಿಕೊಂಡಿರುತ್ತವೆ, ಅವನ್ನ ಬಿಡಿಸೋದು ಮರೆಯಬೇಡಿ.

ತಳಕ್ಕೆ ಚೆಕ್ಕರ್ ಪ್ಲೇಟ್ ಹಾಕಿಸೋ ಆಸೆ ಎಲ್ಲರಿಗೂ ಇರುತ್ತೆ. 3 ಎಂಎಂ ಕಬ್ಬಿಣದ ಶೀಟು ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 24 ಕೆಜಿ. ತಳ ಪೂರ್ತಿ ಹಾಸಿದರೆ ಒಂದು ಮೂಟೆ ಕಾಫಿಯನ್ನ ಖಾಯಂ ಹೊತ್ತುಕೊಂಡು ತಿರುಗಿದ ಹಾಗೆ. ಅಲ್ಯೂಮಿನಿಯಂ ಅದರ ಮೂರನೇ ಒಂದು ಭಾಗದಷ್ಟೇ ತೂಗುತ್ತೆ, ಆದರೆ ಕಬ್ಬಿಣಕ್ಕೆ ನೇರ ತಾಗಿ ತೇವ ಸೇರಿದರೆ ಸವೆತ ಶುರು, ನಡುವೆ ರಬ್ಬರ್ ಪಟ್ಟಿ ಬೇಕು. ನನಗೆ ಇವೆರಡಕ್ಕಿಂತ ಅಡಿಕೆ ದಬ್ಬೆಯೇ ಇಷ್ಟ. ಬಲಿತ ಮರ ಸೀಳಿ, ಒಳಗಿನ ತಿರುಳು ಕೆರೆದು, ಅಡ್ಡಕ್ಕೆ ಎರಡು ರೀಪಿಗೆ ಮೊಳೆ ಹೊಡೆದರೆ ಜಾಲರಿ ರೆಡಿ. ಮೂಟೆ ನೀರಿನಿಂದ ಎರಡು ಬೆರಳು ಮೇಲಿರುತ್ತೆ, ಪಾರ್ಚ್‌ಮೆಂಟ್ (ಹೊಟ್ಟು ತೆಗೆಯದ ಕಾಫಿ ಬೀಜ) ತೇವ ಆಗಲ್ಲ, ಸಂಜೆ ಎತ್ತಿ ಗೋಡೆಗೆ ಒರಗಿಸಿದರೆ ತಳವೂ ಒಣಗುತ್ತೆ. ಅಂಚು ಮಾತ್ರ ಕೀಸುಳಿ ಹಾಕಿ, ಇಲ್ಲಾಂದ್ರೆ ಹೇರೋ ಹುಡುಗರು ಸಿಬಿರು ಚುಚ್ಚಿಸಿಕೊಂಡು ನಿಮ್ಮನ್ನ ಬೈತಾರೆ.

ಹಿಂದೆ ಪ್ಲೇಟ್ ಜಾಸ್ತಿ ಮಾಡೋದು ಬೇಡ ಅಂದೆನಲ್ಲ, ಅದಕ್ಕೆ ಕಾರಣ ಕೇಳಿ. ಪ್ಲೇಟ್ ಹೆಚ್ಚಾದ ಮಾತ್ರಕ್ಕೆ ಆರ್‌ಸಿಯಲ್ಲಿರೋ ತೂಕ ಹೆಚ್ಚಾಗಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್ ಎಲ್ಲ ಹಳೇದೇ. ಖಾಲಿ ಗಾಡಿ ಕುಣಿಯುತ್ತೆ, ಒದ್ದೆ ತಿರುವಿನಲ್ಲಿ ಹಿಂದು ಜಾರುತ್ತೆ. ಇನ್ನೊಂದು, ಲೋಡ್ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚೋ ವಾಲ್ವ್ ನಿಮ್ಮ ಗಾಡಿಯಲ್ಲಿ ಇದ್ದರೆ, ಅದರ ಸರಳು ಆಕ್ಸಲ್ಲಿಗೆ ಸೇರಿರುತ್ತೆ. ಹಿಂದು ಎತ್ತರ ಆಯ್ತು ಅಂದರೆ ಅದು ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತೆ, ಅದೂ ಲೋಡ್ ತುಂಬಿ ಘಾಟಿ ಇಳಿಯುವಾಗ. ಇರೋ ಪ್ಲೇಟುಗಳಲ್ಲಿ ಒಡೆದದ್ದು, ಸಪಾಟಾದದ್ದು ಬದಲಿಸಿ, ಶ್ಯಾಕಲ್ ಬುಶ್ ಹೊಸದು ಹಾಕಿ. ಪ್ಲೇಟುಗಳನ್ನ ಆಕ್ಸಲ್ಲಿಗೆ ಕಟ್ಟಿ ಹಿಡಿಯೋ ಯು-ಬೋಲ್ಟ್ ಬಿಚ್ಚಿದ ಮೇಲೆ ಹಳೇದನ್ನೇ ಹಾಕಬೇಡಿ, ಹೊಸದು ಹಾಕಿ, ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.

ದೊಡ್ಡ ಟಯರಿನ ಲೆಕ್ಕ ಸುಲಭ. 215/75 ಆರ್15 ಇರೋ ಕಡೆ 235/75 ಹಾಕಿದರೆ ಟಯರಿನ ವ್ಯಾಸ ಸುಮಾರು 703ರಿಂದ 733 ಎಂಎಂಗೆ ಏರುತ್ತೆ, ಶೇಕಡಾ 4ಕ್ಕಿಂತ ಸ್ವಲ್ಪ ಜಾಸ್ತಿ. ಎಲ್ಲ ಗೇರಿನಲ್ಲೂ ಎಳೆತ ಅಷ್ಟು ಕಮ್ಮಿ, ಸ್ಪೀಡೋಮೀಟರ್ ಅಷ್ಟು ಸುಳ್ಳು. ಮೊದಲೇ 63 ಎಚ್‌ಪಿ ಗಾಡಿ, ಏರಿನಲ್ಲಿ ಗೊತ್ತಾಗುತ್ತೆ. ಟಯರ್ ಮೇಲೆ ಅಚ್ಚು ಹಾಕಿರೋ ತಯಾರಾದ ವಾರ, ವರ್ಷ ನೋಡಿ, ಹಳೇದಾಗಿದ್ದರೆ ಕಂಪನಿ ಸೈಜಿನಲ್ಲೇ ಒಳ್ಳೆ ಗ್ರಿಪ್ಪಿನದು ಹಾಕಿಸಿ. ಹಾಗೆ ಬದಲಿಸಬೇಕಾಗಿ ಬಂದರೆ ನಿಮ್ಮ ಬಜೆಟ್ಟಿನ ದೊಡ್ಡ ಪಾಲು ಇದಕ್ಕೇ ಹೋಗುತ್ತೆ, ಹೋಗಲಿ.

ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಹಳೇ ಓನರಿಗೆ ಕೇಳಿದರೆ ನಗ್ತಾರೆ. ಅದು ನೀರು ಹೀರಿಕೊಳ್ಳೋ ವಸ್ತು. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ತುಳಿದಾಗ ಪೆಡಲ್ ಮೆತ್ತಗಾಗೋದು ಹೀಗೆ. ಇದನ್ನ ಮನೆಯಲ್ಲೇ ಇಬ್ಬರು ಸೇರಿ ಮಾಡಬಹುದು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಬ್ರೇಕ್ ಆಯಿಲ್ ಹೊರಬಿಡೋ ನಿಪ್ಪಲ್ ಸಡಿಲಿಸಿ ಹಳೇದು ಹೊರಗೆ ಬಿಟ್ಟು, ಪೆಡಲ್ ಮೇಲೆ ಬರೋ ಮೊದಲೇ ಬಿಗಿ ಮಾಡಬೇಕು. ಮೇಲಿನ ಡಬ್ಬಿ ಖಾಲಿ ಆಗೋಕೆ ಬಿಡಬೇಡಿ, ಗಾಳಿ ಸೇರುತ್ತೆ. ಡಬ್ಬಿ ಮುಚ್ಚಳದ ಮೇಲೆ ಬರೆದಿರೋ ಗ್ರೇಡನ್ನೇ ತನ್ನಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ. ಮುಂದಿನ ಪ್ಯಾಡು, ಹಿಂದಿನ ಲೈನರ್ ಕೂಡ ಅದೇ ದಿನ ನೋಡಿಬಿಡಿ.

ಗಾಡಿ ಕೆಳಗೆ ನುಗ್ಗೋ ಕೆಲಸಕ್ಕೆ ಜ್ಯಾಕ್ ಒಂದನ್ನೇ ನಂಬಬೇಡಿ. ಸೈಜುಗಲ್ಲು, ಹಾಲೋ ಬ್ಲಾಕ್ ಇಟ್ಟು ಮಲಗೋರನ್ನ ನೋಡಿದ್ದೀನಿ. ಬ್ಲಾಕು ಸೀಳುವಾಗ ಮುನ್ಸೂಚನೆ ಕೊಡಲ್ಲ. ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್ ತಗೊಳ್ಳಿ, ಉಳಿದ ಟೂಲ್ ಆಮೇಲೆ.

ಡೀಸೆಲ್ ಪಂಪ್ ಏರಿಸಿ ಪಿಕಪ್ ಜಾಸ್ತಿ ಮಾಡಿಕೊಡ್ತೀನಿ ಅನ್ನೋರು ಸಿಗ್ತಾರೆ. ಕಪ್ಪು ಹೊಗೆ ಬರುತ್ತೆ, ಎಂಜಿನ್ ಕಾಯುತ್ತೆ, ಎಮಿಷನ್ ಟೆಸ್ಟಿನಲ್ಲಿ ಸಿಕ್ಕಿಬೀಳುತ್ತೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಅದನ್ನ ಮನೆಯಲ್ಲಿ ಕೂರಿಸೋ ಸಾಹಸವೂ ಬೇಡ. ಸ್ನಾರ್ಕೆಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯೋ ಕೊಳವೆ) ಬಗ್ಗೆ ಹೇಳೋದಾದರೆ, ನೀವು ಹಳ್ಳ ದಾಟೋದು ವರ್ಷಕ್ಕೊಂದು ಸಲವೂ ಇರಲಿಕ್ಕಿಲ್ಲ. ಏರ್ ಫಿಲ್ಟರ್ ಬದಲಿಸಿ, ಅದರ ಡಬ್ಬಿಯ ಕ್ಲಿಪ್ ಸರಿಯಾಗಿ ಕೂತಿದೆಯಾ ನೋಡಿ, ಸಾಕು.

ಬಣ್ಣ ಹಸಿರು ಮಾಡಬಹುದಾ ಅಂತಲೂ ಕೇಳಿದ್ದೀರಿ. ಮಾಡಬಹುದು, ಆದರೆ ಮೊದಲು ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬಣ್ಣ ಬದಲಾಯಿಸಿಕೊಳ್ಳಬೇಕು. ಮಿಲಿಟರಿ ಗಾಡಿಯ ಆಲಿವ್ ಹಸಿರು ಮಾತ್ರ ಬೇಡ, ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರೆಯವರು ಅದನ್ನ ಬಳಿಯುವಂತಿಲ್ಲ. ನಾನಾಗಿದ್ದರೆ ಬಿಳಿಯನ್ನೇ ಉಳಿಸಿಕೊಂಡು, ಲೋಡ್ ಬಾಡಿಯ ಒಳಗೆ ಮಾತ್ರ ಬೂದು ಬಣ್ಣ ಹೊಡೀತಿದ್ದೆ. ಬೂದು ಬಣ್ಣದ ಮೇಲೆ ತುಕ್ಕು ಬೇಗ ಕಣ್ಣಿಗೆ ಬೀಳುತ್ತೆ, ಕೊಳೆ ಅಷ್ಟಾಗಿ ಕಾಣಲ್ಲ.